10 ಸೆಕೆಂಡಾ, 45 ಸೆಕೆಂಡಾ?

2010ಕ್ಕೂ ಮುಂಚೆ ಫೈರ್‌ಫಾಕ್ಸ್ ಬಳಸಿದವರಿಗೆ ಇದು ನೆನಪಿರತ್ತೆ. ಒಂದು ಟ್ಯಾಬ್‌ನಲ್ಲಿ ಅರ್ಧ ಬರೆದ ಮೇಲ್, ಇನ್ನೊಂದರಲ್ಲಿ ಊರಿಗೆ ಹೋಗೋ ರೈಲಿನ ಟಿಕೆಟ್. ಮೂರನೇ ಟ್ಯಾಬ್‌ನ ಮೂಲೆಯಲ್ಲಿ ಒಂದು ಫ್ಲ್ಯಾಶ್ ಜಾಹೀರಾತು ಕೆಟ್ಟಿತು ಅಂದ್ರೆ ಮುಗೀತು, ಇಡೀ ಬ್ರೌಸರ್ ಮಾಯ.

ಇದರ ಬೇರು ಇರೋದು 1990ರ ದಶಕದ ನೆಟ್‌ಸ್ಕೇಪ್‌ನಲ್ಲಿ. ಅದು ತಂದ ಎನ್‌ಪಿಎಪಿಐ ವ್ಯವಸ್ಥೆಯಲ್ಲಿ ಪ್ಲಗ್‌ಇನ್ ಓಡುತ್ತಿದ್ದದ್ದು ಬ್ರೌಸರ್‌ನದೇ ಪ್ರೊಸೆಸ್ ಒಳಗೆ. ಮಾಲೀಕನಿಗೂ ಬಾಡಿಗೆಯವನಿಗೂ ಒಂದೇ ಫ್ಯೂಸ್ ಇದ್ದ ಹಾಗೆ. ಬಾಡಿಗೆಯವನ ಹೀಟರ್ ಕೆಟ್ಟರೆ ಮಾಲೀಕನ ಮನೆಯೂ ಕತ್ತಲು. ಫ್ಲ್ಯಾಶ್‌ನ ಕೋಡ್ ಅಡೋಬಿ ಕೈಯಲ್ಲಿತ್ತು, ಮೊಜಿಲ್ಲಾದವರು ಅದನ್ನು ತಾವೇ ರಿಪೇರಿ ಮಾಡೋ ಹಾಗಿರಲಿಲ್ಲ. ನಮಗೆ ಉಳಿದಿದ್ದು ಹಳೇ ಉಪಚಾರಗಳು: ಪ್ಲಗ್‌ಇನ್‌ಗಳನ್ನು ಒಂದೊಂದಾಗಿ ಆಫ್ ಮಾಡು, ಫ್ಲ್ಯಾಶ್ ತೆಗೆದು ಮತ್ತೆ ಹಾಕು, ಹಾರ್ಡ್‌ವೇರ್ ಆಕ್ಸೆಲರೇಷನ್‌ನ ಟಿಕ್ ತೆಗಿ. ಸರಿಹೋದರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗುತ್ತಿರಲಿಲ್ಲ.

2008ರಲ್ಲಿ ಬಂದ ಕ್ರೋಮ್ ಪ್ಲಗ್‌ಇನ್‌ಗೆ ಬೇರೆ ಪ್ರೊಸೆಸ್ ಕೊಟ್ಟಿತು. 2010ರ ಜೂನ್‌ನಲ್ಲಿ ಫೈರ್‌ಫಾಕ್ಸ್ 3.6.4 ಕೂಡ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಅದನ್ನೇ ಮಾಡಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ 'ಪ್ಲಗ್‌ಇನ್ ಕಂಟೇನರ್' ಅನ್ನೋ ಹೆಸರು ಕಂಡು ವೈರಸ್ ಅಂತ ಹೆದರಿದವರೂ ಇದ್ದರು, ಬಿಡಿ. ಅಲ್ಲಿಂದ ಮುಂದೆ ಕ್ರ್ಯಾಶ್ ಆದರೆ ಸಾಯೋದು ಫ್ಲ್ಯಾಶ್ ಮಾತ್ರ. ಪೇಜ್ ರಿಲೋಡ್ ಮಾಡಿದರೆ ಸಾಕು.

ಆದರೆ ಪ್ಲಗ್‌ಇನ್ ಕ್ರ್ಯಾಶ್ ಆಗದೆ ಸುಮ್ಮನೆ ಕೂತರೆ? ಸತ್ತಿದೆಯೋ, ಕೆಲಸದಲ್ಲಿದೆಯೋ? 10 ಸೆಕೆಂಡ್ ಉತ್ತರ ಬರದಿದ್ದರೆ ಕೊಂದುಬಿಡೋಣ ಅಂತ ಇಟ್ಟರು. ಕೇಳೋಕೆ ಧಾರಾಳವಾದ ಗಡುವೇ. ಸಿಕ್ಕಿಬಿದ್ದವರು ಮಾತ್ರ ಫಾರ್ಮ್‌ವಿಲ್ ಆಡೋರು! ನಿಧಾನದ ಕಂಪ್ಯೂಟರ್‌ಗಳಲ್ಲಿ ಆ ಆಟಕ್ಕೆ 10 ಸೆಕೆಂಡ್ ಸಾಲುತ್ತಿರಲಿಲ್ಲ. ಅವರ ಪಾಲಿಗೆ ಅದು ಸತ್ತಿರಲಿಲ್ಲ, ಮಾಮೂಲಿ ನಿಧಾನ ಅಷ್ಟೇ. ಕ್ರ್ಯಾಶ್‌ನಿಂದ ಕಾಪಾಡೋಕೆ ಬಂದ ಬ್ರೌಸರ್ರೇ ಅವರ ಹೊಲವನ್ನ ಮುಚ್ಚತೊಡಗಿತು. ಕೆಲವೇ ದಿನದಲ್ಲಿ 3.6.6 ಬಂತು, ಗಡುವು 45 ಸೆಕೆಂಡ್ ಆಯ್ತು. ಬೇರೆಯವರ ಸರ್ವಿಸ್‌ಗೆ ಟೈಮ್‌ಔಟ್ ಬರೆಯೋ ನಮಗೆ ಈ ಕಥೆ ಹೊಸದಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಸಾಕಾಗೋ ಗಡುವನ್ನೇ ನಾವು ಎಲ್ಲರಿಗೂ ಹಾಕಿಬಿಡ್ತೀವಿ.

45 ಕೂಡ ಎಲ್ಲರಿಗೂ ಸಾಲಲಿಲ್ಲ. ಫ್ಲ್ಯಾಶ್ ಡೆವಲಪರ್‌ಗಳು ಡೀಬಗ್ ಮಾಡ್ತಾ ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿ ಯೋಚಿಸೋಷ್ಟರಲ್ಲಿ ಪ್ಲಗ್‌ಇನ್ ಸತ್ತಿರುತ್ತಿತ್ತು. ಅವರು ಸೆಟ್ಟಿಂಗ್‌ನಲ್ಲಿ ಮೈನಸ್ 1 ಹಾಕಿ ಗಡುವನ್ನೇ ತೆಗೆಯುತ್ತಿದ್ದರು.

2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಬೇರೆ ಪ್ರೊಸೆಸ್ ಅನ್ನೋ ಉಪಾಯ ಮಾತ್ರ ಟ್ಯಾಬ್‌ಗಳಿಗೂ ಬಂತು. ಈಗ ಒಂದು ಟ್ಯಾಬ್ ಕ್ರ್ಯಾಶ್ ಆದರೂ, ಪಕ್ಕದ ಟ್ಯಾಬ್‌ನಲ್ಲಿ ಮ್ಯಾನೇಜರ್ ಮೀಟಿಂಗ್ ಸಾಮಾನ್ಯವಾಗಿ ನಡೀತಾನೇ ಇರತ್ತೆ.