ಹಳೇಬೀಡಿನ 1638ರ ಕಟ್ಟಳೆ

ಮತಸಂಘಗಳು ರಾಜಕೀಯ ಬಲವಾಗಿ ನಿಂತು ಕಾನೂನು ರೂಪಿಸಲು ಚುನಾವಣೆ, ಪಕ್ಷ, ವಿಧಾನಸಭೆಗಳೇ ಬೇಕೆಂದಿಲ್ಲ. ಬೇಲೂರು ನಾಯಕರ ಕಾಲದ ಹಳೇಬೀಡಿನ ಶಾಸನವೊಂದು ಅದಕ್ಕೆ ಸಾಕ್ಷಿ.

ಹಿನ್ನೆಲೆ

ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪ. ಯುದ್ಧದಲ್ಲಿ ಗೆದ್ದು, ಮಗನೂ ಹುಟ್ಟಿದ ಹೊತ್ತಿಗೆ ಪ್ರತಿಷ್ಠೆಯ ಪ್ರಸಾದ ಕೈಸೇರಿತೆಂದು ಹಿಗ್ಗಿದ ಹೊಯ್ಸಳ ಅರಸ ವಿಷ್ಣುವರ್ಧನ ಆ ದೇವರನ್ನು ವಿಜಯಪಾರ್ಶ್ವನೆಂದು ಕರೆದ. ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ದೊರೆಯೂ ಅವನೇ. 1220ರ ಸುಮಾರಿಗೆ ಮಂತ್ರಿ ರೇಚಣ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದಾಗಲೂ ಜೈನರಿಗೆ ಅಧಿಕಾರಸ್ಥರ ಆಸರೆಯಿತ್ತು. ನಾಯಕರ ಕಾಲಕ್ಕೆ ಆ ಆಸರೆ ಸವೆದು, ಸೀಮೆಯಲ್ಲಿ ವೀರಶೈವರ ಬಲ ಹೆಚ್ಚಿತ್ತು.

ಕಂಬದ ಮೇಲಿನ ಲಿಂಗಮುದ್ರೆ

ವೆಂಕಟಾದ್ರಿ ನಾಯಕ ಬೇಲೂರನ್ನು ಆಳುತ್ತಿದ್ದಾಗ ಹುಚ್ಚಪ್ಪದೇವ ಎಂಬವನು ವಿಜಯಪಾರ್ಶ್ವನ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದ. ವಿಜಯಪ್ಪ ಎಂಬವನು ಅದನ್ನು ಅಳಿಸಿದ. ವ್ಯಾಜ್ಯ ಬೆಳೆಯಿತು. ಜೈನ ಸೆಟ್ಟಿಗಳು ಅಹವಾಲು ತಂದಾಗ ತೀರ್ಮಾನ ಹೇಳಿದ್ದು ವೀರಶೈವರದೇ ಸಭೆಯಾದ ಮಹಾಮಹತ್ತು.

ತೀರ್ಮಾನ ಹೀಗಿತ್ತು: ಮೊದಲು ವೀರಶೈವ ಸಂಪ್ರದಾಯದಂತೆ ವಿಭೂತಿ, ವೀಳ್ಯ ಸಲ್ಲಬೇಕು. ಆಮೇಲೆ ಜೈನರು ತಮ್ಮ ದೇವರ ಪೂಜೆ, ಅಭಿಷೇಕ, ದೀಪಾರಾಧನೆಗಳನ್ನು ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಬರಬಹುದು. ಇದು ಸಮಾನರ ನಡುವಿನ ಒಪ್ಪಂದವಲ್ಲ. ತಮ್ಮದೇ ಬಸದಿಯಲ್ಲಿ ಜೈನರು ಇನ್ನೊಬ್ಬರ ಮೇಲುಗೈಯನ್ನು ಒಪ್ಪಿಕೊಳ್ಳಬೇಕಾಯಿತು.

ಆದರೂ ಶಾಸನದ ಕೊನೆಯ ಭಾಗವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಜೈನಧರ್ಮಕ್ಕೆ ಅಡ್ಡಿಪಡಿಸುವ ವೀರಶೈವನು ಮಹಾಮಹತ್ತಿಗೆ ಹೊರಗು, ಶಿವದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ತಪ್ಪಿದವನು ಎಂದು ಅದು ವಿಧಿಸುತ್ತದೆ. ಬಲವಿದ್ದ ಪಂಗಡವೇ ತನ್ನವರ ಕೈ ಕಟ್ಟಿತು, ಅದೂ ತನ್ನ ನಂಬಿಕೆಯ ಅತಿ ಕಠಿಣ ಶಿಕ್ಷೆಯಿಂದ. ಇಂಥ ಕಟ್ಟುಪಾಡಿಲ್ಲದೆ ಅಲ್ಪಸಂಖ್ಯಾತರಿಗೆ ಕೊಟ್ಟ ಮಾತು ಉಳಿಯುವುದು ಕಷ್ಟ.

ಬುಕ್ಕರಾಯನ ದಾರಿ

ಹಳೇಬೀಡಿನಲ್ಲಿ ತೀರ್ಪು ಸಭೆಯದಾದರೆ, ಅದಕ್ಕೂ ಹಿಂದಿನ, 1368ರ ಶ್ರವಣಬೆಳಗೊಳದ ಶಾಸನದಲ್ಲಿ ಅದು ವಿಜಯನಗರದ ಅರಸನದು. ಜೈನರ ದೂರು ಕೇಳಿದ ಬುಕ್ಕರಾಯ ಅವರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರಿಗೆ ಪಂಚಮಹಾವಾದ್ಯ, ಕಲಶದ ಹಕ್ಕು ಉಳಿಯಿತು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಬೆಳಗೊಳದ ದೇವರಿಗೆ ಕಾವಲಿನವರನ್ನು ನೇಮಿಸಿ, ಮಿಕ್ಕದ್ದನ್ನು ಜಿನಾಲಯಗಳ ದುರಸ್ತಿಗೆ ಬಳಸುವ ಏರ್ಪಾಡೂ ಆಯಿತು. ಕಾವಲಿನ ಹೊಣೆ ಶ್ರೀವೈಷ್ಣವರ ಕಡೆಯ ತಾತಯ್ಯನದು.

ಮೈಸೂರು ಸಂಸ್ಥಾನದಲ್ಲಿ

ಬಲವಿದ್ದವರ ಕೈ ಕಟ್ಟುವ ನಿಯಮ ಏಕೆ ಬೇಕೆಂಬುದನ್ನು ಮುಂದಿನ ಕಾಲದ ಮೈಸೂರೂ ತೋರಿಸುತ್ತದೆ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಅದು ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಕಾಯಿದೆಗೆ ಸಭೆಯಲ್ಲಿ ವಿರೋಧ ಬಂದರೂ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಸರ್ಕಾರ 1894ರಲ್ಲಿ ಅದನ್ನು ಜಾರಿಗೆ ತಂದಿತು. ಆ ಮಕ್ಕಳ ಪಾಲಿಗೆ ಅದು ಒಳ್ಳೆಯದೇ ಆಯಿತು. ಆದರೆ ಸಭೆಯ ಮಾತನ್ನು ಹಾಗೆ ಬದಿಗಿಡಬಲ್ಲ ಅಧಿಕಾರ ಕೆಟ್ಟ ಕಾಯಿದೆಯನ್ನೂ ಅಷ್ಟೇ ಸಲೀಸಾಗಿ ತರಬಹುದಿತ್ತು. ಮಸೂದೆಗಳ ಮೂಲತತ್ವಗಳ ಬಗ್ಗೆ ಸಭೆಯ ಅಭಿಪ್ರಾಯ ಕೇಳಲೇಬೇಕೆಂಬ ಶಾಸನಬದ್ಧ ನಿಯಮ ಬಂದದ್ದು 1923ರಲ್ಲಿ.