ಫಲಿತಾಂಶಕ್ಕೆ ತಕ್ಕ ಅನುದಾನ: ಇತಿಹಾಸದ ಒಂದು ಪಾಠ

ಬಡಮಕ್ಕಳ ಶಾಲೆಗೆ ಕೊಡುವ ಧನವನ್ನು ಅವರ ಪರೀಕ್ಷಾ ಫಲಿತಾಂಶದಿಂದ ಅಳೆಯಬಹುದೇ? ಈ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡು ಒಂದು ತಲೆಮಾರಿನ ಕಾಲ ಇದನ್ನು ಪ್ರಯೋಗಿಸಿ ನೋಡಿತು.

1862ರಲ್ಲಿ ರಾಬರ್ಟ್ ಲೋ ಎಂಬವರು ಜಾರಿಗೆ ತಂದ ಪರಿಷ್ಕೃತ ಸಂಹಿತೆಯು ಪ್ರಾಥಮಿಕ ಶಾಲೆಗಳ ಅನುದಾನವನ್ನು ಹಾಜರಿಗೂ ವಾರ್ಷಿಕ ಪರೀಕ್ಷೆಗೂ ಬಿಗಿದು ಕಟ್ಟಿತು. ಓದು, ಬರಹ, ಲೆಕ್ಕಗಳಲ್ಲಿ ಮಗುವು ತಪ್ಪಿದ ಒಂದೊಂದು ವಿಷಯಕ್ಕೂ ಶಾಲೆಗೆ 2 ಷಿಲಿಂಗ್ 8 ಪೆನ್ಸ್ ಖೋತಾ ಆಗುತ್ತಿತ್ತು. ಸರ್ಕಾರದ ವೆಚ್ಚವೇನೋ ತಗ್ಗಿತು. ಆದರೆ ಕೂಲಿಗೆ ಹೋಗುವ ಮಕ್ಕಳು ಹೆಚ್ಚಾಗಿದ್ದ ಶಾಲೆಯಲ್ಲಿ ಹಾಜರಿಯೂ ಕಡಿಮೆ, ತೇರ್ಗಡೆಯೂ ಕಡಿಮೆ. ಆದಕಾರಣ ನೆರವು ಅತ್ಯಗತ್ಯವಾಗಿದ್ದಲ್ಲಿಯೇ ಅದು ಕುಗ್ಗಿತು. ಉಪಾಧ್ಯಾಯರು ಪಠ್ಯವನ್ನು ಬಾಯಿಪಾಠ ಮಾಡಿಸತೊಡಗಿದರು. ಇತಿಹಾಸ, ಭೂಗೋಳಗಳು ಹಿಂದೆ ಸರಿದವು. ಕವಿಯೂ ಶಾಲಾ ಪರಿವೀಕ್ಷಕರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡರು ಬೋಧನೆಯು ಯಾಂತ್ರಿಕವಾಯಿತೆಂದು ಮತ್ತೆ ಮತ್ತೆ ಎಚ್ಚರಿಸಿದರು. 1890ರ ದಶಕದಲ್ಲಿ ಆ ಪದ್ಧತಿ ಅಲ್ಲಿ ಕೊನೆಗೊಂಡಿತು.

ಈ ಪದ್ಧತಿ ಮದರಾಸು, ಮುಂಬಯಿ ಪ್ರಾಂತಗಳ ಅನುದಾನಿತ ಶಾಲೆಗಳಿಗೂ ಬಂದಿತ್ತು. 1904ರ ಭಾರತ ಸರ್ಕಾರದ ಶಿಕ್ಷಣ ನಿರ್ಣಯವು ಅದನ್ನು ತ್ಯಜಿಸಬೇಕೆಂದು ಸಾರಿತು.

ಪರೀಕ್ಷೆ ಬೇಡವೆಂಬುದು ಇದರ ತಾತ್ಪರ್ಯವಲ್ಲ. ಪರೀಕ್ಷೆಯು ಮಗುವಿಗೆ ಎಲ್ಲಿ ಕೊರತೆಯಿದೆ ಎಂಬುದನ್ನು ತೋರಿಸುತ್ತದೆ. ಕೊರತೆ ಕಂಡಲ್ಲಿ ಕೈನೀಡುವುದು ಧರ್ಮ, ಕೈ ಹಿಂತೆಗೆಯುವುದು ಅನ್ಯಾಯ. ಬಾಡಿದ ಸಸಿಗೆ ಯಾವ ಒಕ್ಕಲಿಗನೂ ನೀರು ನಿಲ್ಲಿಸುವುದಿಲ್ಲ. ತಮ್ಮೂರಿನ ಶಾಲೆಯ ಫಲಿತಾಂಶ ಕಂಡು ಹಳಿಯುವ ಮುನ್ನ ವಾಚಕರು ಅಲ್ಲಿಯ ಕೊಠಡಿ, ಪುಸ್ತಕ, ಉಪಾಧ್ಯಾಯರ ಸಂಖ್ಯೆಗಳನ್ನು ಒಮ್ಮೆ ವಿಚಾರಿಸಲಿ.