‘ಯಿವಾರ ಕುಜು’: ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯ ಕಲಾ ಕೇಂದ್ರಗಳ ಸಂಚಾರಿ ಚಿತ್ರಕಲಾ ಪ್ರದರ್ಶನ

ಪೀಠಿಕೆ

ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿ ಪ್ರದೇಶದ ಮೂಲನಿವಾಸಿ ಕಲಾವಿದರು ರಚಿಸಿದ ಸಮಕಾಲೀನ ಚಿತ್ರಗಳ ‘ಯಿವಾರ ಕುಜು’ ಪ್ರದರ್ಶನವು 2010ನೇ ಸಾಲಿನ ಜುಲೈ ತಿಂಗಳಿನಲ್ಲಿ ಕ್ಯಾನ್‌ಬೆರಾ ನಗರದಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆರಂಭಗೊಂಡಿತು. ತದನಂತರ ಪರ್ತ್ ಹಾಗೂ ಸಿಡ್ನಿ ನಗರಗಳಿಗೂ ಸಂಚರಿಸಿತು. ಮಾರ್ಟು ಜನರ ಭಾಷೆಯಲ್ಲಿ ‘ಯಿವಾರ ಕುಜು’ ಎಂದರೆ ‘ಒಂದೇ ಹಾದಿ’ ಎಂದರ್ಥ. ಇಲ್ಲಿ ಹಾದಿ ಎಂಬುದು ಕ್ಯಾನಿಂಗ್ ಸ್ಟಾಕ್ ರೂಟ್ ಎಂಬ ಜಾನುವಾರು ಸಾಗಣೆಯ ಮಾರ್ಗವನ್ನು ಸೂಚಿಸುತ್ತದೆ. ಮಾರ್ಗವನ್ನು ನಿರ್ಮಿಸಿದವರ ದಾಖಲೆಗಳಿಂದ ಮಾತ್ರ ತಿಳಿದುಬರುತ್ತಿದ್ದ ಚರಿತ್ರೆಯನ್ನು, ಆ ನೆಲದ ನೀರಿನ ಹಕ್ಕುದಾರರು ಚಿತ್ರಗಳ ಮೂಲಕ ನಿರೂಪಿಸಿರುವುದು ಈ ಪ್ರದರ್ಶನದ ವೈಶಿಷ್ಟ್ಯವಾಗಿದೆ.

ಮಾರ್ಗದ ಹಿನ್ನೆಲೆ

ಉತ್ತರದ ಕಿಂಬರ್ಲಿ ಪ್ರದೇಶದ ದನಗಳನ್ನು ದಕ್ಷಿಣದ ಮಾರುಕಟ್ಟೆಗಳಿಗೆ ನಡೆಸಿಕೊಂಡು ಹೋಗುವ ಉದ್ದೇಶದಿಂದ ಹಾಲ್ಸ್ ಕ್ರೀಕ್‌ನಿಂದ ವಿಲೂನಾವರೆಗೆ ಸುಮಾರು 1,850 ಕಿ.ಮೀ. ಉದ್ದದ ಈ ಮಾರ್ಗವನ್ನು ರೂಪಿಸಲಾಯಿತು. ಆಲ್ಫ್ರೆಡ್ ಕ್ಯಾನಿಂಗ್ ಎಂಬ ಭೂಮಾಪಕರು 1906-07ರಲ್ಲಿ ಸರ್ವೆ ಕಾರ್ಯ ನಡೆಸಿದರು. 1908ರಿಂದ 1910ರ ಅವಧಿಯಲ್ಲಿ ಸುಮಾರು 50 ಬಾವಿಗಳನ್ನು ತೋಡಲಾಯಿತು.

ಮರುಭೂಮಿಯಲ್ಲಿ ನೀರಿನ ನೆಲೆಗಳನ್ನು ಬಲ್ಲವರು ಮೂಲನಿವಾಸಿಗಳು ಮಾತ್ರ. ಆದುದರಿಂದ ಸರ್ವೆ ತಂಡವು ಅವರನ್ನು ಹಿಡಿದು, ಸರಪಳಿಯಿಂದ ಬಂಧಿಸಿ, ನೀರಿರುವಲ್ಲಿಗೆ ದಾರಿ ತೋರಿಸುವಂತೆ ಬಲವಂತಪಡಿಸಿತು. ತಂಡದ ಅಡುಗೆಯವರಾಗಿದ್ದ ಎಡ್ವರ್ಡ್ ಬ್ಲೇಕ್ ಈ ಬಗ್ಗೆ ದೂರು ಸಲ್ಲಿಸಿದ ಮೇರೆಗೆ 1908ರಲ್ಲಿ ರಾಯಲ್ ಕಮಿಷನ್ ವಿಚಾರಣೆ ನಡೆಯಿತು. ಆಯೋಗವು ಕ್ಯಾನಿಂಗ್ ಅವರನ್ನು ದೋಷಮುಕ್ತಗೊಳಿಸಿತು.

ತೋಡಲಾದ ಬಾವಿಗಳಲ್ಲಿ ಹೆಚ್ಚಿನವು ಮೂಲನಿವಾಸಿಗಳು ತಲೆತಲಾಂತರದಿಂದ ಬಳಸುತ್ತಿದ್ದ ಒರತೆಗಳ ಮೇಲೆ ಅಥವಾ ಅವುಗಳ ಸಮೀಪದಲ್ಲಿಯೇ ಇದ್ದವು. ಸಂಘರ್ಷಗಳು ಉಂಟಾಗಿ ಎರಡೂ ಕಡೆಗಳಲ್ಲಿ ಜೀವಹಾನಿ ಸಂಭವಿಸಿತು. ಈ ಮಾರ್ಗದಲ್ಲಿ ಕೊನೆಯ ಬಾರಿಗೆ ದನಗಳನ್ನು ಸಾಗಿಸಿದ್ದು 1959ರಲ್ಲಿ. ನಕ್ಷೆಯಲ್ಲಿ 33ನೇ ಬಾವಿ, 40ನೇ ಬಾವಿ ಎಂದು ನಮೂದಾಗಿರುವ ಸ್ಥಳಗಳಿಗೆ ಕುನವಾರಿಜಿ, ನಟವಾಲು ಎಂಬ ಹೆಸರುಗಳು ಮೊದಲಿನಿಂದಲೂ ಇದ್ದವು. ಚಿತ್ರಗಳು ಈ ಹೆಸರುಗಳನ್ನೇ ಮುಂದಿಡುತ್ತವೆ.

ಪ್ರದರ್ಶನ ರೂಪುಗೊಂಡ ಬಗೆ

ಪರ್ತ್ ನಗರದ ‘ಫಾರ್ಮ್’ ಎಂಬ ಸಂಸ್ಥೆಯು ಒಂಬತ್ತು ಸಮುದಾಯ ಕಲಾ ಕೇಂದ್ರಗಳ ಸಹಯೋಗದೊಂದಿಗೆ ಈ ಯೋಜನೆಯನ್ನು ಕೈಗೊಂಡಿತು. ಬಾಲ್ಗೋ ಗ್ರಾಮದ ವಾರ್ಲಯಿರ್ಟಿ ಆರ್ಟಿಸ್ಟ್ಸ್, ಫಿಟ್ಜ್‌ರಾಯ್ ಕ್ರಾಸಿಂಗ್‌ನ ಮಂಗ್ಕಾಜಾ ಆರ್ಟ್ಸ್, ಮಾರ್ಟು ಜನರ ಮಾರ್ಟುಮಿಲಿ ಆರ್ಟಿಸ್ಟ್ಸ್ ಹಾಗೂ 1972ರಲ್ಲಿ ಸ್ಥಾಪನೆಯಾದ ಪಾಪುನ್ಯಾ ಟುಲಾ ಆರ್ಟಿಸ್ಟ್ಸ್ ಇವುಗಳಲ್ಲಿ ಸೇರಿವೆ. 2007ರಲ್ಲಿ ಕಲಾವಿದರು ಸುಮಾರು ಆರು ವಾರಗಳ ಕಾಲ ಈ ಮಾರ್ಗದಲ್ಲಿಯೇ ಸಂಚರಿಸಿ, ತಮ್ಮ ಹಿರಿಯರ ನೆಲೆಗಳಲ್ಲಿ ಬೀಡುಬಿಟ್ಟು ಚಿತ್ರಗಳನ್ನು ರಚಿಸಿದರು. ಅನೇಕರು ತಾವು ಬಾಲ್ಯದಲ್ಲಿ ಬಿಟ್ಟುಹೋಗಿದ್ದ ಸ್ಥಳಗಳನ್ನು ಈ ಸಂದರ್ಭದಲ್ಲಿ ಪುನಃ ಕಂಡರು. ಚಿತ್ರಗಳ ಜೊತೆಗೆ ಮೌಖಿಕ ಹೇಳಿಕೆಗಳು, ಛಾಯಾಚಿತ್ರಗಳು ಮತ್ತು ಚಲನಚಿತ್ರಗಳನ್ನೂ ಸಂಗ್ರಹಿಸಲಾಯಿತು.

ಈ ಕಲಾವಿದರಲ್ಲಿ ಒಬ್ಬರು ಹೆಲಿಕಾಪ್ಟರ್ ಜುಂಗುರಾಯಿ. 1957ರಲ್ಲಿ ನಟವಾಲು ಬಳಿ ಹೆಲಿಕಾಪ್ಟರ್ ಒಂದು ಇಳಿಯಿತು. ಕಾಯಿಲೆಯಿಂದ ಬಳಲುತ್ತಿದ್ದ ಬಾಲಕನನ್ನು ಅದರಲ್ಲಿ ಬಾಲ್ಗೋ ಮಿಷನ್‌ಗೆ ಕರೆದೊಯ್ಯಲಾಯಿತು. ಆ ಘಟನೆಯೇ ಅವರಿಗೆ ಹೆಸರನ್ನು ನೀಡಿತು.

ಚಿತ್ರಗಳನ್ನು ಅರ್ಥೈಸಿಕೊಳ್ಳುವ ಬಗೆ

ನೆಲವನ್ನು ಮೇಲಿನಿಂದ ನೋಡಿದಂತೆ ಚಿತ್ರಿಸುವುದು ಈ ಕಲೆಯಲ್ಲಿ ಸಾಮಾನ್ಯ. ಒಂದರೊಳಗೊಂದು ಇರುವ ವೃತ್ತಗಳು ಬಹುಮಟ್ಟಿಗೆ ನೀರಿನ ನೆಲೆ ಅಥವಾ ಬಿಡಾರವನ್ನು, ಗೆರೆಗಳು ಸಂಚಾರದ ಹಾದಿಯನ್ನು ಅಥವಾ ಮರಳುದಿಣ್ಣೆಗಳ ಸಾಲನ್ನು ಸೂಚಿಸುತ್ತವೆ. ಎಂದೂ ಬತ್ತದ ಊಟೆಯನ್ನು ‘ಜಿಲ’ ಎಂದು ಕರೆಯಲಾಗುತ್ತದೆ. ಅದರಲ್ಲಿ ಮಳೆ ತರುವ ಸರ್ಪರೂಪಿ ಪೂರ್ವಜರು ನೆಲೆಸಿರುವರೆಂಬ ನಂಬಿಕೆಯಿದೆ. ಯಾವ ಸ್ಥಳವನ್ನು ಯಾರು ಚಿತ್ರಿಸಬಹುದೆಂಬುದು ಕುಟುಂಬದ ಹಕ್ಕಿಗೆ ಒಳಪಟ್ಟಿದೆ. ಆದಕಾರಣ ಒಂದು ಚಿತ್ರವು ಅಲಂಕಾರದ ವಸ್ತು ಮಾತ್ರವಲ್ಲ, ಹಕ್ಕುಪತ್ರವೂ ಹೌದು.

ಇದಕ್ಕೆ ನಿದರ್ಶನವಾಗಿ ಮಂಗ್ಕಾಜಾ ಕೇಂದ್ರದ ಕಲಾವಿದರು 1997ರಲ್ಲಿ ಸುಮಾರು 8 ಮೀಟರ್ ಅಗಲ, 10 ಮೀಟರ್ ಉದ್ದದ ಕ್ಯಾನ್ವಾಸ್ ಮೇಲೆ ರಚಿಸಿದ ‘ಙುರ್ರಾರ’ ಚಿತ್ರವನ್ನು ಉಲ್ಲೇಖಿಸಬಹುದು. ತಮ್ಮ ಭೂಹಕ್ಕಿನ ಅರ್ಜಿಯ ಸಾಕ್ಷ್ಯವಾಗಿ ಅವರು ಅದನ್ನು ನ್ಯಾಯಮಂಡಳಿಯ ಮುಂದೆ ಹಾಸಿ, ತಮ್ಮ ತಮ್ಮ ನೆಲೆಯ ಮೇಲೆ ನಿಂತು ಹೇಳಿಕೆ ನೀಡಿದರು. 2007ರ ನವೆಂಬರ್ ತಿಂಗಳಿನಲ್ಲಿ ಅವರ ಹಕ್ಕು ಮಾನ್ಯವಾಯಿತು.

ಸಮುದಾಯ ಕಲಾ ಕೇಂದ್ರಗಳ ಕಾರ್ಯವಿಧಾನ

ಕಲಾ ಕೇಂದ್ರಗಳು ಮೂಲನಿವಾಸಿ ಸದಸ್ಯರ ಒಡೆತನದಲ್ಲಿರುವ ನೋಂದಾಯಿತ ಸಂಸ್ಥೆಗಳಾಗಿರುತ್ತವೆ. ಅವುಗಳ ಮುಖ್ಯ ಕಾರ್ಯಗಳು ಈ ಕೆಳಕಂಡಂತಿವೆ:

1. ಕಲಾವಿದರಿಗೆ ಕ್ಯಾನ್ವಾಸ್, ಆಕ್ರಿಲಿಕ್ ಬಣ್ಣ ಹಾಗೂ ಕೆಲಸದ ಸ್ಥಳವನ್ನು ಒದಗಿಸುವುದು.
2. ಪ್ರತಿಯೊಂದು ಕೃತಿಗೂ ಕ್ರಮಸಂಖ್ಯೆ ನೀಡಿ, ಕಲಾವಿದರ ಹೆಸರು, ಅಳತೆ ಮತ್ತು ಚಿತ್ರದ ಕಥೆಯನ್ನು ದಾಖಲಿಸಿ ದೃಢೀಕರಣ ಪತ್ರ ನೀಡುವುದು.
3. ಕೃತಿಗಳನ್ನು ಮಾರಾಟ ಮಾಡಿ, ಬಂದ ಮೊತ್ತದಲ್ಲಿ ಕಲಾವಿದರ ಪಾಲನ್ನು ಪಾವತಿಸಿ, ಉಳಿದುದನ್ನು ಕೇಂದ್ರದ ನಿರ್ವಹಣೆಗೆ ಬಳಸುವುದು.

ಈ ವ್ಯವಸ್ಥೆಯ ಅಗತ್ಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪಾಪುನ್ಯಾ ಟುಲಾ ಕಲಾವಿದ ಕ್ಲಿಫರ್ಡ್ ಪಾಸಮ್ ಜಪಲ್‌ಜಾರಿ ಅವರ ‘ವಾರ್ಲುಗುಲಾಂಗ್’ ಚಿತ್ರವು 1977ರಲ್ಲಿ 1,200 ಆಸ್ಟ್ರೇಲಿಯನ್ ಡಾಲರಿಗೆ ಮಾರಾಟವಾಗಿತ್ತು. 2007ರ ಹರಾಜಿನಲ್ಲಿ ಅದಕ್ಕೆ 24 ಲಕ್ಷ ಡಾಲರ್ ದೊರೆಯಿತು. ಕಲಾವಿದರು 2002ರಲ್ಲಿಯೇ ನಿಧನರಾಗಿದ್ದರು. ಮರುಮಾರಾಟದ ಮೊತ್ತದಲ್ಲಿ ಅವರ ವಾರಸುದಾರರಿಗೆ ಪಾಲು ನೀಡಬೇಕೆಂಬ ಕಾನೂನು ಆಗ ಇರಲಿಲ್ಲ. 2009ರಲ್ಲಿ ಅಂಗೀಕಾರವಾಗಿ 2010ರ ಜೂನ್‌ನಲ್ಲಿ ಜಾರಿಗೆ ಬಂದ ಕಾಯ್ದೆಯನ್ವಯ, 1,000 ಡಾಲರ್ ಹಾಗೂ ಮೇಲ್ಪಟ್ಟ ಅರ್ಹ ಮರುಮಾರಾಟಗಳಲ್ಲಿ ಶೇ. 5ರಷ್ಟು ಮೊತ್ತವು ಕಲಾವಿದರಿಗೆ ಅಥವಾ ವಾರಸುದಾರರಿಗೆ ಸಲ್ಲತಕ್ಕದ್ದು.

ವೀಕ್ಷಕರು ಮತ್ತು ಖರೀದಿದಾರರ ಗಮನಕ್ಕೆ

ಮೃತರ ಹೆಸರನ್ನು ಉಚ್ಚರಿಸದಿರುವ, ಅವರ ಚಿತ್ರವನ್ನು ತೋರಿಸದಿರುವ ಸಂಪ್ರದಾಯವು ಹಲವು ಮೂಲನಿವಾಸಿ ಸಮುದಾಯಗಳಲ್ಲಿದೆ. ಇದೇ ಕಾರಣದಿಂದ ಇಂತಹ ಪ್ರದರ್ಶನಗಳ ಪ್ರವೇಶದ್ವಾರದಲ್ಲಿ ಮುನ್ಸೂಚನಾ ಫಲಕವನ್ನು ಅಳವಡಿಸಲಾಗುತ್ತದೆ.

ಮೂಲನಿವಾಸಿ ಕಲೆಯ ಹೆಸರಿನಲ್ಲಿ ಮಾರಾಟವಾಗುವ ಸ್ಮರಣಿಕೆಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಅಸಲಿಯಲ್ಲವೆಂದು ಆಸ್ಟ್ರೇಲಿಯಾ ಸರ್ಕಾರದ ಉತ್ಪಾದಕತಾ ಆಯೋಗವು 2022ರಲ್ಲಿ ವರದಿ ಮಾಡಿದೆ. ಆದುದರಿಂದ ಕೃತಿಗಳನ್ನು ಕೊಳ್ಳುವವರು ಅದನ್ನು ರಚಿಸಿದವರು ಯಾರು, ಅವರು ಯಾವ ಸಮುದಾಯದವರು, ಅವರಿಗೆ ಹಣ ಹೇಗೆ ಸಂದಾಯವಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಕಲಾ ಕೇಂದ್ರದ ದೃಢೀಕರಣ ಪತ್ರವನ್ನು ಪಡೆದುಕೊಳ್ಳುವುದು ಸೂಕ್ತ. ಆ ಪತ್ರದಲ್ಲಿ ಕಲಾವಿದರ ಹೆಸರಿನೊಂದಿಗೆ ಒಂದು ನೆಲದ ಕಥೆಯೂ ದಾಖಲಾಗಿರುತ್ತದೆ. ಅದನ್ನು ಚಿತ್ರದೊಂದಿಗೆ ಕಾಪಾಡಿಕೊಂಡು ಬರುವುದು ಕೊಂಡವರ ಹೊಣೆಯೂ ಆಗಿರುತ್ತದೆ.